ಅಕ್ಕನ ಬೆರಳಿಗೆ ಬೆಳಗಾಗುವುದು ಹತ್ತು ಗಂಟೆಗೆ

ನನ್ನ ಅಕ್ಕ ಯಾವುದನ್ನೂ ನೋಡಿ ನಂಬುವವಳಲ್ಲ, ಮುಟ್ಟಿದ ಮೇಲೆಯೇ ನಂಬುವವಳು. ಬಟ್ಟೆ ಅಂಗಡಿಗೆ ಹೋದರೆ ಬಣ್ಣದ ವಿಚಾರ ಆಮೇಲೆ, ಮೊದಲು ಎರಡು ಬೆರಳಿನ ನಡುವೆ ಹಿಡಿದು ಉಜ್ಜಿ ನೋಡಬೇಕು. ನನ್ನ ಮನೆಗೆ ಬಂದರೆ ನೀರು ಕುಡಿಯುವ ಮೊದಲು ಫ್ರಿಜ್ಜಿನ ಪಕ್ಕೆಗೆ ಅಂಗೈ ಇಟ್ಟು, "ಇದರ ಕಥೆ ಇನ್ನು ಆರು ತಿಂಗಳು ಅಷ್ಟೆ" ಎನ್ನುತ್ತಾಳೆ, ರೋಗಿಯ ಮನೆಯವರೊಂದಿಗೆ ಡಾಕ್ಟರು ಮಾತಾಡುವ ದನಿಯಲ್ಲಿ. ಆರು ತಿಂಗಳಿಗೆ ಸರಿಯಾಗಿ ಅದು ಕೈಕೊಡುತ್ತದೆ. ಮದುವೆಯಾದ ಹೊಸದರಲ್ಲಿ ಭಾವ ಒಮ್ಮೆ ಜ್ವರದ ನೆಪ ಹೇಳಿ ಆಫೀಸಿಗೆ ಚಕ್ಕರ್ ಹಾಕಲು ನೋಡಿದರಂತೆ. ಇವಳು ಹಣೆಗೆ ಕೈ ಇಟ್ಟು, ಮಾತಿಲ್ಲದೆ ಶರ್ಟು ತಂದುಕೊಟ್ಟಳಂತೆ. ಅಂದಿನಿಂದ ಭಾವ ಸುಳ್ಳು ಹೇಳಿದ್ದನ್ನು ನಾನು ಕಾಣೆ.

ಇಂಥವಳಿಗೆ ಇಂಥದೇ ಕೆಲಸ ಸಿಕ್ಕಿತು. ವಾಷಿಂಗ್ ಮಶೀನು, ಒಲೆ, ಲಿಫ್ಟುಗಳಿಗೆ ಬೇಕಾದ ಸ್ವಿಚ್ಚುಗಳನ್ನು ಮಾಡುವ ಕಾರ್ಖಾನೆಯ ಕೊನೆಯ ಮೇಜು ಅವಳದು. ಅವಳು ಒತ್ತಿ ನೋಡಿ ಹೂಂ ಎನ್ನದೆ ಒಂದು ಸ್ವಿಚ್ಚೂ ಡಬ್ಬಿ ಸೇರುವ ಹಾಗಿಲ್ಲ. ಕಿಟಕಿ ಪಕ್ಕದಲ್ಲಿ ಅವಳ ಎತ್ತರದ ಸ್ಟೂಲು. ಮೇಲೆ ಅವಳೇ ಹೊಲಿದ ದಿಂಬು. ಇಪ್ಪತ್ತಾರು ವರ್ಷದಲ್ಲಿ ಅದರ ಮೇಲೆ ಬೇರೆ ಯಾರೂ ಕೂತಿಲ್ಲ, ಕೂರುವ ಧೈರ್ಯವೂ ಯಾರಿಗೂ ಇಲ್ಲ. ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಬೆರಳಕ್ಕ ಎಂದೇ ಕರೆಯುವುದು. ಆ ಹೆಸರು ಕೇಳಿದಾಗ ಅವಳು ಮುಖ ಗಂಟಿಕ್ಕುತ್ತಾಳೆ, ಆದರೆ ಒಳಗೊಳಗೇ ಉಬ್ಬುತ್ತಾಳೆ. ತಮ್ಮನಿಗೆ ಇಷ್ಟೂ ಗೊತ್ತಾಗದೆ ಇರುತ್ತದೆಯೇ?

ನಾಲ್ಕು ವರ್ಷದ ಹಿಂದೆ ಸ್ವಿಚ್ಚುಗಳು ಹೋಗಿ ಗಾಜು ಬಂತು. ಬಟನ್ನೇ ಇಲ್ಲದ, ನುಣ್ಣನೆಯ ಕರಿ ಗಾಜಿನ ಪ್ಯಾನೆಲ್ಲು. ಅದರ ಜೊತೆಗೆ ಒಬ್ಬಳು ಇಂಜಿನಿಯರ್ ಹುಡುಗಿಯೂ ಬಂದಳು. ಸಣಕಲು, ದೊಡ್ಡ ಕನ್ನಡಕ, ಮಾತು ಶುರು ಮಾಡಿದರೆ ಉಸಿರು ತೆಗೆದುಕೊಳ್ಳುವುದಿಲ್ಲ. ಮೊದಲ ದಿನ ಅವಳು ಅಕ್ಕನ ಮುಂದೆ ಒಂದು ಪ್ಯಾನೆಲ್ ಇಟ್ಟು ಒತ್ತಲು ಹೇಳಿದಳು. ಅಕ್ಕ ಒತ್ತಿದಳು. ಬಟನ್ ಟಿಕ್ಕೆಂದು ಇಳಿದು ಮೇಲೆ ಬಂತು.

"ಚೆನ್ನಾಗೇ ಇಳೀತಿದೆಯಲ್ಲ," ಎಂದಳು ಅಕ್ಕ.

ಹುಡುಗಿ ಕರೆಂಟಿನ ವೈರ್ ಕಿತ್ತಳು. "ಈಗ ಒತ್ತಿ."

ಅಕ್ಕ ಒತ್ತಿದಳು. ಗೋಡೆಗೆ ಬೆರಳಿಟ್ಟ ಹಾಗಾಯಿತು. ಗಾಜು ಮೊದಲೂ ಇಳಿದಿರಲಿಲ್ಲ, ಈಗಲೂ ಇಳಿಯಲಿಲ್ಲ. ಅದರ ಅಡಿಯಲ್ಲಿರುವ ಪುಟಾಣಿ ಮೋಟಾರು ಸರಿಯಾದ ಗಳಿಗೆಗೆ ಒಮ್ಮೆ ಅದುರುತ್ತದೆ, ಅಷ್ಟೇ. ಇಳಿಯಿತು ಎಂದುಕೊಂಡದ್ದು ಅಕ್ಕನ ಬೆರಳು.

ಆ ದಿನ ಸಂಜೆ ಅವಳು ನನ್ನ ಅಂಗಡಿಗೆ ಬಂದು ಕೂತ ರೀತಿ ನೋಡಿದರೆ ಯಾರೋ ಅವಳ ಪರ್ಸು ಹೊಡೆದಿದ್ದಾರೆ ಎಂದುಕೊಳ್ಳಬೇಕು. ನಾನು ಕಟಿಂಗ್ ಶಾಪ್ ಇಟ್ಟವನು. ಅಂಗಡಿ ಇರುವುದು ಅವಳ ಕಾರ್ಖಾನೆಯ ರಸ್ತೆಯಲ್ಲೇ. "ಇಪ್ಪತ್ತೆರಡು ವರ್ಷದಿಂದ ನನ್ನ ಬೆರಳಿಗೆ ಯಾರೂ ಮೋಸ ಮಾಡಿರ್ಲಿಲ್ಲ ಕಣೋ," ಎಂದಳು. ನಾನು ನಕ್ಕೆ. ಅವಳು ನನ್ನ ಬಾಚಣಿಗೆಯಿಂದಲೇ ನನಗೆ ಹೊಡೆದಳು.

ಹುಡುಗಿ ಮಾತ್ರ ಬಿಡಲಿಲ್ಲ. ದಿನಾ ಚಹಾದ ಹೊತ್ತಿಗೆ ಅಕ್ಕನ ಮೇಜಿಗೆ ಬಂದು ಪಾಠ ಮಾಡುತ್ತಿದ್ದಳು. "ಚರ್ಮದ ಆಳದಲ್ಲಿ ಈರುಳ್ಳಿ ಥರ ಪದರ ಪದರವಾಗಿರೋ ಸಣ್ಣ ಗಂಟುಗಳಿವೆ ಅಕ್ಕಾ. ಸಾಸಿವೆ ಕಾಳಿನಷ್ಟೂ ಇಲ್ಲ. ಸುಮ್ನೆ ಒತ್ಕೊಂಡಿದ್ರೆ ಅವು ನಿಮ್ಮ ಕಡೆ ತಿರುಗಿಯೂ ನೋಡಲ್ಲ. ಅದುರಿದ್ರೆ ಮಾತ್ರ ಎಚ್ಚರ. ಅದೂ ಸೆಕೆಂಡಿಗೆ ಇನ್ನೂರು, ಇನ್ನೂರೈವತ್ತು ಸಲ ಅದುರಿದ್ರೆ ಅವಕ್ಕೆ ಹಬ್ಬ. ಕೂದಲೆಳೆ ದಪ್ಪದಲ್ಲಿ ನೂರರಲ್ಲಿ ಒಂದು ಪಾಲು ಅಲುಗಿದ್ರೂ ಹಿಡಿದುಬಿಡ್ತವೆ. ನಿಧಾನವಾಗಿ ಅದುರೋದನ್ನ ನೋಡ್ಕೊಳ್ಳೋಕೆ ಮೇಲ್ಗಡೆ ಬೇರೆಯವರಿದ್ದಾರೆ."

"ಹಾಗಿದ್ರೆ ಬಟನ್ ಇಳೀತು ಅಂತ ಹೇಳಿದ್ಯಾರು?"

"ಮಿದುಳು. ಒತ್ತಿದ ಗಳಿಗೆಗೇ ಒಂದು ಅದುರು ಸಿಕ್ಕಿದ್ರೆ ಸಾಕು, ಇಳೀತು ಅಂತ ತಾನೇ ಕಥೆ ಕಟ್ಕೊಳ್ಳುತ್ತೆ."

"ಅಂದ್ರೆ ಅದು ನಮ್ಮ ತಮ್ಮನ ಥರ," ಎಂದಳಂತೆ ಅಕ್ಕ. "ಅರ್ಧ ಕೇಳಿಸ್ಕೊಂಡು ಉಳಿದಿದ್ದನ್ನ ತಾನೇ ಸೇರಿಸೋದು."

ಇದನ್ನು ನನಗೆ ಬಂದು ವರದಿ ಒಪ್ಪಿಸಿದವಳೂ ಅಕ್ಕನೇ. ಹೀಗೆ ಇಬ್ಬರಿಗೂ ಹೊಂದಿಕೆಯಾಯಿತು. ಎಷ್ಟು ಅದುರಿದರೆ ಬೆರಳಿಗೆ ಹಿತ ಎಂದು ತೀರ್ಮಾನಿಸುವುದು ಅಕ್ಕನ ಕೆಲಸ. ಅವಳು ಹೇಳುವುದು ಮೂರೇ ಮಾತು: ಸಾಕು, ಕಮ್ಮಿ, ಜಾಸ್ತಿ. ಅದರ ಪ್ರಕಾರ ಹುಡುಗಿ ಕಂಪ್ಯೂಟರಿನಲ್ಲಿ ಏರಿಸಿ ಇಳಿಸುತ್ತಿದ್ದಳು. ಅಕ್ಕ ಕಮ್ಮಿ ಎಂದರೆ ಯಾಕೆ ಎಂದು ಕೇಳುತ್ತಿರಲಿಲ್ಲ. ಅಷ್ಟು ನಂಬಿಕೆ.

ಇನ್ನು ಸ್ಕೂಟರಿನ ವಿಷಯಕ್ಕೆ ಬರಬೇಕು. ಬರಲು ನನಗೆ ಅಷ್ಟೇನೂ ಮನಸ್ಸಿಲ್ಲ. ಎಂಟು ತಿಂಗಳ ಹಿಂದೆ ನನ್ನ ಸ್ಕೂಟರನ್ನು ಅಕ್ಕನಿಗೆ ಉಡುಗೊರೆ ಎಂದು ಕೊಟ್ಟೆ. ನಿಜ ಹೇಳಬೇಕೆಂದರೆ ಸಾಗಹಾಕಿದೆ. ಶೋಕಿಗೆಂದು ಅದರ ಹ್ಯಾಂಡಲ್ಲಿನ ದಪ್ಪ ರಬ್ಬರ್ ಹಿಡಿ ಕಿತ್ತು ತೆಳ್ಳಗೆ ಹೊಳೆಯುವ ಹಿಡಿ ಹಾಕಿಸಿದ್ದೆ, ತುದಿಯಲ್ಲಿದ್ದ ಭಾರದ ಗುಂಡುಗಳು ಚಂದವಿಲ್ಲವೆಂದು ಅವನ್ನೂ ಬಿಚ್ಚಿಸಿದ್ದೆ. ಗಾಡಿ ನೋಡಲು ಮದುಮಗನ ಹಾಗಿತ್ತು, ಓಡಿಸಿದರೆ ಹಲ್ಲು ಕಟಕಟ ಎನ್ನುತ್ತಿತ್ತು. ಅಕ್ಕ ಅಲ್ಲಿಯವರೆಗೂ ಬಸ್ಸಿನಲ್ಲಿ ಹೋಗುತ್ತಿದ್ದವಳು. ನಲವತ್ತೈದು ನಿಮಿಷದ ದಾರಿ. ಸ್ಕೂಟರ್ ಎಲ್ಲಿ ಕೈತಪ್ಪಿ ಓಡಿಹೋಗುತ್ತದೋ ಎಂಬಂತೆ ಹ್ಯಾಂಡಲ್ಲನ್ನು ಗಟ್ಟಿಯಾಗಿ ಹಿಡಿದು ಓಡಿಸುತ್ತಿದ್ದಳು. ತಮ್ಮ ಕೊಟ್ಟಿದ್ದು ಎಂದು ಕಾರ್ಖಾನೆಯ ಕಾವಲುಗಾರನವರೆಗೆ ಎಲ್ಲರಿಗೂ ಹೇಳಿಕೊಂಡು ಬಂದಳು.

ಅದಾಗಿ ಕೆಲವು ತಿಂಗಳಿಗೆ ಪ್ಯಾನೆಲ್ಲುಗಳು ವಾಪಸು ಬರಲು ಶುರುವಾದವು. ಕೊಂಡವರ ದೂರು ಒಂದೇ: ಬಟನ್ ಒದೆಯುತ್ತದೆ. ಒಬ್ಬಾಕೆ, ನನ್ನ ವಾಷಿಂಗ್ ಮಶೀನು ನನ್ನ ಮೇಲೆ ಸಿಟ್ಟು ಮಾಡಿಕೊಂಡಿದೆ ಎಂದು ಬರೆದಿದ್ದಳಂತೆ. ಒಂದು ಟ್ರೇಯ ಮಾಲು ಹಿತವಾಗಿದ್ದರೆ ಇನ್ನೊಂದು ಟ್ರೇಯದು ಒದೆತ. ಮ್ಯಾನೇಜರು ಕೆಟ್ಟ ಮನುಷ್ಯನೇನಲ್ಲ, ಆದರೆ ಮೇಲಿನವರಿಗೆ ಉತ್ತರ ಕೊಡಬೇಕಾದ ಮನುಷ್ಯ. ಅವರು ಅಕ್ಕನನ್ನು ಕರೆದು, ವಯಸ್ಸಾದಂತೆ ಬೆರಳು ಮಂದವಾಗುವುದು ಸಹಜ ಎಂದರು. ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ಪರೀಕ್ಷೆ. ಇಪ್ಪತ್ತು ಪ್ಯಾನೆಲ್, ಯಾವುದು ಎಷ್ಟೆಂದು ಅವಳಿಗೆ ಹೇಳುವುದಿಲ್ಲ. ತಪ್ಪಿದರೆ ಅವಳು ಪ್ಯಾಕಿಂಗಿಗೆ, ಅವಳ ಮೇಜಿಗೆ ಅಳೆಯುವ ಯಂತ್ರ.

ಪ್ಯಾಕಿಂಗ್ ಎಂದರೆ ಡಬ್ಬಿಗೆ ಟೇಪ್ ಅಂಟಿಸುವುದು. ಅಕ್ಕನಿಗೆ ಅದು ಕೀಳು ಕೆಲಸವೆಂದಲ್ಲ. ಆದರೆ ಆ ಸ್ಟೂಲು ಹೋದರೆ ತಾನು ಯಾರು ಎಂಬುದೇ ಅವಳಿಗೆ ಗೊತ್ತಾಗುವುದಿಲ್ಲ. ನಮಗೆಲ್ಲ ಅದು ಗೊತ್ತಿತ್ತು. ಅದಕ್ಕೇ ಆ ವಾರ ಅವಳು ಏನು ಮಾಡಿದರೂ ಸಹಿಸಿಕೊಂಡೆವು.

ಏನೇನು ಮಾಡಿದಳೆಂದರೆ, ಪಾತ್ರೆ ತೊಳೆಯುವುದನ್ನು ಸಂಪೂರ್ಣವಾಗಿ ಭಾವನಿಗೆ ಒಪ್ಪಿಸಿದಳು, ಸೋಪಿನಿಂದ ಬೆರಳು ಕೆಡುತ್ತದಂತೆ. ಪಕ್ಕದ ಮನೆಯ ಬೆಕ್ಕನ್ನು ಮಡಿಲಲ್ಲಿ ಕೂರಿಸಿಕೊಂಡು ಅದರ ಗುರುಗುರು ಹೊಟ್ಟೆಯ ಮೇಲೆ ಒಂದೊಂದೇ ಬೆರಳಿಟ್ಟು ಅಭ್ಯಾಸ ಮಾಡಿದಳು. ಬೆಕ್ಕಿಗೆ ಅದು ಬಲು ಇಷ್ಟವಾಗಿ ಅದು ತನ್ನ ಮನೆ ದಾರಿಯನ್ನೇ ಮರೆಯಿತು. ಮಧ್ಯಾಹ್ನ ನಿದ್ದೆಯಲ್ಲಿದ್ದ ಭಾವನ ಗಂಟಲಿಗೆ ಬೆರಳಿಟ್ಟು ಗೊರಕೆಯ ಏರಿಳಿತ ನೋಡಿದಳು. ಕಣ್ಣು ಬಿಟ್ಟಾಗ ಕತ್ತಿನ ಮೇಲೆ ಹೆಂಡತಿಯ ಕೈ ಕಂಡ ಭಾವ ಚೀರಿದ್ದು ನಾಲ್ಕು ಮನೆಗೆ ಕೇಳಿಸಿತು. ಡಾಕ್ಟರ ಹತ್ತಿರವೂ ಹೋದಳು. ಅವರು ಅದುರುವ ಕಬ್ಬಿಣದ ಕವೆಯೊಂದನ್ನು ಬೆರಳ ಗೆಣ್ಣಿಗೆ ತಾಗಿಸಿ, ತಮಗೆ ನಿಂತಿತು ಅನ್ನಿಸಿದ ಮೇಲೂ ಅಕ್ಕ ಇನ್ನೂ ಅದುರುತ್ತಿದೆ ಎಂದದ್ದಕ್ಕೆ ಬೇಜಾರು ಮಾಡಿಕೊಂಡು, ಏನೂ ಆಗಿಲ್ಲ ಹೋಗಿ ಎಂದರು. ಮನೆಯಲ್ಲಿ, ಆಸ್ಪತ್ರೆಯಲ್ಲಿ, ಎಲ್ಲೆಲ್ಲೂ ಬೆರಳು ಸರಿ. ಕಾರ್ಖಾನೆಯಲ್ಲೇಕೆ ಕೈಕೊಡುತ್ತದೆ? ಅವಳು ಮೆತ್ತಗಾಗುತ್ತ ಬಂದಳು. ನನ್ನನ್ನು ಬೈಯುವುದನ್ನೂ ಬಿಟ್ಟಳು. ಆಗ ನನಗೆ ನಿಜಕ್ಕೂ ಭಯವಾಯಿತು.

ಭಾನುವಾರ ನನ್ನ ಅಂಗಡಿಗೆ ಜನ ಜಾಸ್ತಿ. ಅಂದು ಬಸ್ಸು ತಪ್ಪಿತೆಂದು ಅಕ್ಕನಿಂದ ಸ್ಕೂಟರ್ ಇಸಿದುಕೊಂಡು ಹೋದೆ. ಮೊದಲ ಗಿರಾಕಿ ನಿವೃತ್ತ ಮೇಷ್ಟ್ರು, ತಲೆಯ ಮೇಲೆ ಉಳಿದಿರುವ ಅಷ್ಟೂ ಕೂದಲಿನ ಮೇಲೆ ಅತಿಯಾದ ಮಮತೆ ಇರುವವರು. ಟ್ರಿಮ್ಮರ್ ಹಾಕಿದೆ. ಯಾಕೋ ಸಪ್ಪೆಯಾಗಿ ಓಡುತ್ತಿದೆ ಅನ್ನಿಸಿತು. ಬ್ಯಾಟರಿ ಇಳಿದಿರಬೇಕೆಂದು ಸ್ವಲ್ಪ ಒತ್ತಿ ಹಿಡಿದೆ. ಮೇಷ್ಟ್ರ ಕಿವಿಯ ಹಿಂದೆ ರಸ್ತೆಯಾಯಿತು. ಡಾಂಬರು ಹಾಕುವುದೊಂದೇ ಬಾಕಿ.

ಅವರು ಕನ್ನಡಿಯಲ್ಲಿ ನನ್ನನ್ನೇ ನೋಡಿದರು. "ಏನಪ್ಪಾ ಇದು?"

"ಸರ್, ಬ್ಯಾಟರಿ..."

"ಬ್ಯಾಟರಿ ಇಳಿದ್ರೆ ಕೂದಲು ಉಳೀಬೇಕಲ್ವೇನಯ್ಯಾ?"

ಮೇಷ್ಟ್ರಾದವರು ಎಂದೂ ಮೇಷ್ಟ್ರೇ. ಅವರ ಪ್ರಶ್ನೆ ತಲೆಯಲ್ಲಿ ಕೊರೆಯತೊಡಗಿತು. ಮೂರನೆಯ ಗಿರಾಕಿ ಕೂರುವ ಹೊತ್ತಿಗೆ ಅದೇ ಟ್ರಿಮ್ಮರ್ ಕೈಯಲ್ಲಿ ಜೋರಾಗಿಯೇ ಝುಂಗುಟ್ಟುತ್ತಿತ್ತು. ಚಾರ್ಜಿಗೆ ಹಾಕಿರಲಿಲ್ಲ, ಏನೂ ಮಾಡಿರಲಿಲ್ಲ. ಅಂದರೆ ಟ್ರಿಮ್ಮರ್ ಬದಲಾಗಿರಲಿಲ್ಲ, ಬದಲಾದದ್ದು ನನ್ನ ಕೈ. ಬೆಳಿಗ್ಗೆ ಸ್ಕೂಟರಿನಿಂದ ಇಳಿದಾಗ ಬೆರಳುಗಳು ಜೋಮು ಹಿಡಿದ ಹಾಗೆ ಜುಮ್ಮೆನ್ನುತ್ತಿದ್ದದ್ದು ನೆನಪಾಯಿತು. ಅಕ್ಕ ದಿನಾ ಅದೇ ಕೈಯಲ್ಲಿ ಹೋಗಿ, ನೇರವಾಗಿ ಸ್ಟೂಲು ಹತ್ತಿ, ಗಾಜಿನ ಮೇಲೆ ಬೆರಳಿಟ್ಟು ಕಮ್ಮಿ ಎನ್ನುತ್ತಿದ್ದಳು. ಹುಡುಗಿ ಏರಿಸುತ್ತಿದ್ದಳು. ನಾನು ಕುರ್ಚಿಯಲ್ಲಿ ಕುಸಿದು ಕೂತೆ. ಗಿರಾಕಿಯ ಕುರ್ಚಿಯಲ್ಲಿ, ಗಿರಾಕಿಯನ್ನು ನಿಲ್ಲಿಸಿ.

ಮಧ್ಯಾಹ್ನವೇ ಅಂಗಡಿ ಮುಚ್ಚಿ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಹಿಡಿ ಬದಲಾಯಿಸಿದ್ದು, ಅದುರು ತಡೆಯುವ ಗುಂಡು ಬಿಚ್ಚಿಸಿದ್ದು, ಸಾಗಹಾಕಿದ್ದು, ಯಾವುದನ್ನೂ ಮುಚ್ಚಿಡಲಿಲ್ಲ. ಬೈಗುಳಕ್ಕೆ ಬೆನ್ನು ಕೊಟ್ಟು ಕೂತೆ. ಅವಳು ಬೈಯಲಿಲ್ಲ. ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಇವಕ್ಕೆ ವಯಸ್ಸಾಗಿಲ್ಲ ಹಾಗಾದ್ರೆ," ಎಂದಳು. ಕಣ್ಣಲ್ಲಿ ನೀರು.

ನಾನು ಉಪಾಯ ಹೇಳಿದೆ. "ನಾಳೆ ನಾನು ಗಾಡಿ ಓಡಿಸ್ತೀನಿ, ನೀನು ಹಿಂದೆ ಕೈಕಟ್ಕೊಂಡು ಕೂತ್ಕೋ. ಪರೀಕ್ಷೆ ಪಾಸಾಗು. ನಾಡಿದ್ದಿನಿಂದ ಬಸ್ಸು. ಯಾರಿಗೂ ಏನೂ ಹೇಳೋದು ಬೇಡ, ಮುಗೀತು." ಸ್ಕೂಟರಿನ ಕಥೆ ಊರೆಲ್ಲ ಹರಡುವುದು ನನಗೂ ಬೇಕಿರಲಿಲ್ಲ.

ಸೋಮವಾರ ಹಾಗೆಯೇ ಹೋದೆವು. ಅವಳು ಸ್ವೆಟರಿನ ಜೇಬಿನಲ್ಲಿ ಎರಡೂ ಕೈ ಇಟ್ಟುಕೊಂಡು, ಮೊಟ್ಟೆ ಸಾಗಿಸುವವಳ ಹಾಗೆ ಕೂತಿದ್ದಳು. ಪರೀಕ್ಷೆ ಅಕ್ಕನ ಮೇಜಿನ ಮೇಲೆಯೇ. ಬಾಗಿಲ ಬಳಿ ನನಗೂ ಒಂದು ಕುರ್ಚಿ ಸಿಕ್ಕಿತು. ಮ್ಯಾನೇಜರು ಕಾಗದ ಹಿಡಿದು ನಿಂತಿದ್ದರು. ಹುಡುಗಿ ಒಂದೊಂದೇ ಪ್ಯಾನೆಲ್ ಮುಂದಿಡುತ್ತಿದ್ದಳು. ಅಕ್ಕ ಕಣ್ಣು ಮುಚ್ಚಿ ಒತ್ತುತ್ತಿದ್ದಳು. ಸಾಕು. ಜಾಸ್ತಿ. ಸಾಕು. ಕಮ್ಮಿ. ಹನ್ನೊಂದನೆಯದಕ್ಕೆ, "ಇದನ್ನ ಐದನೇ ಸಲಕ್ಕೂ ಇಟ್ಟಿದ್ದೆ ಮಗಳೇ," ಎಂದಳು. ಎಲ್ಲ ಬರೆದುಕೊಂಡು, ತಾಳೆ ನೋಡಿ ಮುಗಿಸುವ ಹೊತ್ತಿಗೆ ಹತ್ತು ಗಂಟೆ ದಾಟಿತ್ತು. ಇಪ್ಪತ್ತಕ್ಕೆ ಇಪ್ಪತ್ತು. ನಾನು ಚಪ್ಪಾಳೆ ತಟ್ಟಲು ಹೋಗಿ, ಜಾಗ ನೆನಪಾಗಿ ಕೈ ಉಜ್ಜಿಕೊಂಡೆ.

ಮ್ಯಾನೇಜರು ಕಾಗದ ಮಡಿಸಿದರು. "ಬೆರಳು ಸರಿಯಾಗೇ ಇದೆ. ತಪ್ಪು ತಿಳ್ಕೊಂಡಿದ್ದೆ, ಬೇಜಾರು ಮಾಡ್ಕೋಬೇಡಿ." ಆಮೇಲೆ ಹುಡುಗಿಯ ಕಡೆ ತಿರುಗಿದರು. "ಅಲ್ಲಿಗೆ ಕಂಪ್ಯೂಟರಲ್ಲಿ ಏರಿಸಿದ್ದು ನೀವು. ವಾಪಸು ಬಂದ ಮಾಲಿಗೆಲ್ಲ ನೀವೇ ಉತ್ತರ ಕೊಡ್ಬೇಕಾಗುತ್ತೆ. ಇನ್ನೂ ಕೆಲಸ ಕಾಯಂ ಆಗಿಲ್ಲ ಅಲ್ವಾ ನಿಮ್ದು?"

ಉಸಿರು ತೆಗೆದುಕೊಳ್ಳದೆ ಮಾತಾಡುವ ಹುಡುಗಿಗೆ ಮಾತೇ ಹೊರಡಲಿಲ್ಲ. ಅಕ್ಕ ಹೇಳಿದಂತೆ ಮಾಡಿದೆ ಎಂದೂ ಅವಳು ಹೇಳಲಿಲ್ಲ. ಕನ್ನಡಕ ತೆಗೆದು ಒರೆಸತೊಡಗಿದಳು. ನಾನು ಅಕ್ಕನತ್ತ ನೋಡಿದೆ. ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದೆ. ಹೇಳಿದ್ದು ನಿಜ. ಬರೆಯುವಾಗ ನಾಚಿಕೆಯಾಗುತ್ತದೆ.

ಅಕ್ಕ ಸ್ಟೂಲಿನಿಂದ ಇಳಿದಳು. "ಕಮ್ಮಿ ಅಂದಿದ್ದು ನಾನು ಸಾರ್. ಅವಳು ನಾನು ಹೇಳಿದಷ್ಟೇ ಏರಿಸಿದ್ಲು."

"ಈಗ ತಾನೇ ಇಪ್ಪತ್ತಕ್ಕೆ ಇಪ್ಪತ್ತು ಬಂತಲ್ರೀ."

"ಇವತ್ತು ಗಾಡಿ ಓಡಿಸಿದ್ದು ಇವನು." ನನ್ನ ಕಡೆ ಕೈ ತೋರಿಸಿದಳು. "ನಾನು ಓಡಿಸ್ಕೊಂಡು ಬಂದ ದಿನ ಒಂದೆರಡು ಗಂಟೆ ಹೊತ್ತು ನನ್ನ ಬೆರಳು ಬೆರಳಾಗಿರಲ್ಲ. ನಂಬಿಕೆ ಬರದಿದ್ರೆ ಇವನನ್ನೇ ನೋಡಿ. ಕಟಿಂಗ್ ಮಾಡೋನು, ಬೆರಳಲ್ಲೇ ಅನ್ನ ತಿನ್ನೋನು. ಗಾಡಿ ಇಳಿದು ಎರಡು ಗಂಟೆ ಆಯ್ತು, ಜೋಮು ಬಿಟ್ಟಿರುತ್ತೆ. ಮೊದಲು ಈಗ ಮುಟ್ಟಿಸಿ, ಆಮೇಲೆ ಮತ್ತೆ ಗಾಡಿ ಓಡಿಸಿ ಮುಟ್ಟಿಸಿ."

ಮುಟ್ಟಿಸಿದರು. ಮೂರು ಪ್ಯಾನೆಲ್ಲಿನಲ್ಲಿ ಯಾವುದು ಮೆತ್ತಗೆ, ಯಾವುದು ಹಿತ, ಯಾವುದು ಒದೆತ ಎಂದು ಸರಿಯಾಗಿ ಹೇಳಿದೆ. ಆಮೇಲೆ ನನ್ನನ್ನು ಅಂಗಳಕ್ಕೆ ಕಳಿಸಿದರು. ಗಾಣದ ಎತ್ತಿನ ಹಾಗೆ ಕಾರ್ಖಾನೆಯ ಸುತ್ತ ಅರ್ಧ ಗಂಟೆ ಸ್ಕೂಟರ್ ಓಡಿಸಿದೆ. ಕಾವಲುಗಾರ ಮೊದಲ ಸುತ್ತಿಗೆ ಸಲಾಮು ಹೊಡೆದ, ಆರನೆಯ ಸುತ್ತಿಗೆ ಬಾಯಿ ತೆರೆದು ನಿಂತ, ಹತ್ತನೆಯದಕ್ಕೆ ಊಟದ ಕೋಣೆಯವರನ್ನೆಲ್ಲ ಕರೆದು ತೋರಿಸಿದ. ವಾಪಸು ಬಂದು ಗಾಜಿನ ಮೇಲೆ ಬೆರಳಿಟ್ಟೆ. ಮೆತ್ತನೆಯದನ್ನು, ಕರೆಂಟೇ ಇಲ್ಲ ಎಂದೆ. ಒದೆಯುವುದನ್ನು, ಆಹಾ ಎಷ್ಟು ಹಿತ ಎಂದೆ.

ಹುಡುಗಿಗೆ ಮಾತು ಮರಳಿತು. "ಅದೇ ಸರ್! ಒಂದೇ ಸಮ ಅದುರು ಬಡಿದ್ರೆ ಆ ಗಂಟುಗಳು, ಇದರಲ್ಲಿ ಹೊಸದೇನಿಲ್ಲ ಅಂತ ಸುಮ್ಮನಾಗ್ತವೆ. ಬಿಗಿಯಾಗಿ ಹಿಡಿದಷ್ಟೂ ಜಾಸ್ತಿ. ಬಿಟ್ಟ ಮೇಲೆ ಎಚ್ಚರ ಆಗೋಕೆ ಹೊತ್ತು ಬೇಕು. ನಂಗೆ ಮೊದ್ಲೇ ಹೊಳೀಬೇಕಿತ್ತು." ಓಡಿಹೋಗಿ ಕಂಪ್ಯೂಟರ್ ನೋಡಿ ಬಂದಳು. ವಾಪಸು ಬಂದ ಮಾಲೆಲ್ಲ ಬೆಳಗಿನ ಮೊದಲ ಟ್ರೇಗಳದು. ಒಂದಾದರೂ ಹತ್ತು ಗಂಟೆಯ ಮೇಲಿನದಲ್ಲ.

ಮ್ಯಾನೇಜರು ಮಡಿಸಿದ್ದ ಕಾಗದವನ್ನು ಮತ್ತೆ ಬಿಡಿಸಿದರು. "ಬೆರಳಕ್ಕ, ನನಗೆ ಅರ್ಥವಾಯ್ತು. ಆದ್ರೆ ಮೇಲಿನವರಿಗೆ ಸ್ಕೂಟರ್ ಕಥೆ ಹೇಳಿದ್ರೆ ನಗ್ತಾರೆ. ಅವ್ರಿಗೆ ಒಂದು ಹೆಸರು ಬೇಕು."

"ನಂದೇ ಕೊಡಿ."

"ಕೊಟ್ರೆ ಮೂರು ತಿಂಗಳು ಪ್ಯಾಕಿಂಗಿಗೆ ಹಾಕ್ಲೇಬೇಕಾಗುತ್ತೆ. ಈ ಮೇಜಿಗೆ ಯಂತ್ರ ಬರುತ್ತೆ. ಆಮೇಲಿಂದು ನಾನು ಭರವಸೆ ಕೊಡೋಕಾಗಲ್ಲ."

"ಕೊಡಿ ಅಂದ್ನಲ್ಲ ಸಾರ್. ಈ ಮಗು ಹೆಸರು ಬೇಡ." ಸ್ಟೂಲಿನ ಮೇಲಿನ ದಿಂಬು ತೆಗೆದು ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟಳು. ಹುಡುಗಿ ಅಲ್ಲೇ ನಿಂತು ಅತ್ತಳು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ನನ್ನ ಜೋಮು ಹಿಡಿದ ಕೈ ನೋಡಿಕೊಂಡೆ.

ಯಂತ್ರ ಬಂತು. ಗಾಜಿನ ಮೇಲೆ ಸೂಜಿಯಿಟ್ಟು ಅಂಕಿ ಹೇಳುತ್ತದೆ, ತಪ್ಪಿಲ್ಲದೆ ಹೇಳುತ್ತದೆ. ಬಂದ ನಾಲ್ಕನೆಯ ದಿನ ಹುಡುಗಿ ಎರಡು ಪ್ಯಾನೆಲ್ ಹಿಡಿದು ಪ್ಯಾಕಿಂಗ್ ಕೋಣೆಗೆ ಬಂದಳಂತೆ. ಅಕ್ಕ ಡಬ್ಬಿಗಳ ನಡುವೆ ಟೇಪ್ ಹಿಡಿದು ಕೂತಿದ್ದಳು.

"ಎರಡಕ್ಕೂ ಯಂತ್ರ ಒಂದೇ ಅಂಕಿ ಕೊಡ್ತಿದೆ ಅಕ್ಕಾ. ಆದ್ರೂ ಒಂದು ಯಾಕೋ ಸರಿ ಇಲ್ಲ ಅನ್ಸುತ್ತೆ. ಯಾವ್ದು ಅಂತ ಗೊತ್ತಾಗ್ತಿಲ್ಲ."

ಅಕ್ಕ ಬೆರಳಿಗೆ ಅಂಟಿದ ಗೋಂದನ್ನು ಬಟ್ಟೆಗೆ ಒರೆಸಿಕೊಂಡು ಎರಡನ್ನೂ ಒತ್ತಿದಳು. "ಇದು. ಅದುರಿದ ಮೇಲೆ ಬಾಲ ಅಲ್ಲಾಡಿಸುತ್ತೆ. ಬೇಗ ನಿಲ್ಲಿಸು ಅದನ್ನ." ಹುಡುಗಿ ಬರೆದುಕೊಂಡು ಹೋದಳು. ಮರುದಿನ ನಾಲ್ಕು ತಂದಳು. ಅದರ ಮರುದಿನ ಟ್ರೇಯನ್ನೇ ತಂದಳು, ಹಿಂದೆ ಬಾಗಿಲು ಹಿಡಿದುಕೊಂಡು ನಿಂತವರು ಮ್ಯಾನೇಜರು.

ಇದನ್ನೆಲ್ಲ ಅವಳು ಶನಿವಾರಗಳಂದು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಹೇಳುತ್ತಾಳೆ. ಈಗ ಬಸ್ಸಿನಲ್ಲಿ ಓಡಾಡುತ್ತಾಳೆ. ಸ್ಕೂಟರಿಗೆ ನಾನು ದಪ್ಪ ರಬ್ಬರ್ ಹಿಡಿ ಹಾಕಿಸಿ, ಗುಂಡು ಕೂರಿಸಿ, ನಾನೇ ಇಟ್ಟುಕೊಂಡಿದ್ದೇನೆ. ಮೂರು ತಿಂಗಳು ಮುಗಿಯಲು ಇನ್ನೂ ನಲವತ್ತೊಂದು ದಿನವಿದೆ. ಅಕ್ಕ ದಿನ ಎಣಿಸುತ್ತಿಲ್ಲ. ನಾನು ಎಣಿಸುತ್ತಿದ್ದೇನೆ.